ಖಾಸಿಂಸಾಬರು ಫೋನಿನ ಬೆಳಕು ಪರೀಕ್ಷಿಸಿದ್ದು

ಬೆಟಗೇರಿಯಲ್ಲಿ ಮೂವತ್ತು ವರ್ಷದಿಂದ ಲೇಥ್ ಮಷೀನು ನಡೆಸುತ್ತಿದ್ದ ಖಾಸಿಂಸಾಬರಿಗೆ ಕಣ್ಣೇ ಬಂಡವಾಳ. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಅವರಿಗೆ ಗೊತ್ತಾಗುತ್ತಿತ್ತು. ಮುಂಡರಗಿ, ಲಕ್ಷ್ಮೇಶ್ವರದ ಪಂಪ್‌ಸೆಟ್ ಅಂಗಡಿಯವರು ಈಚೆಗೆ ಬಿಡಿಭಾಗಗಳ ನಕ್ಷೆಯನ್ನು ವಾಟ್ಸಾಪಿನಲ್ಲೇ ಕಳಿಸತೊಡಗಿದ್ದರು. ಮಗಳು ತಬಸ್ಸುಮ ಅಪ್ಪನಿಗೆ ದೊಡ್ಡ ಪರದೆಯ ಹೊಸ ಫೋನು ತಂದುಕೊಟ್ಟಳು.

ಮೊದಲ ವಾರವೇ ತಲೆನೋವು ಶುರುವಾಯಿತು. ಕಣ್ಣಿಗೆ ಚುಚ್ಚಬಾರದೆಂದು ಬೆಳಕು ತಗ್ಗಿಸಿದರೆ ನೋವು ಇನ್ನೂ ಹೆಚ್ಚು. ಗದಗಿನ ಕಣ್ಣಿನ ಡಾಕ್ಟರು ನೋಡಿ, ಚಷ್ಮಾದ ನಂಬರು ಸರಿಯಿದೆ, ಕಣ್ಣಿಗೇನೂ ಆಗಿಲ್ಲ ಎಂದರು. ವಯಸ್ಸಾಯಿತು, ಕೆಲಸ ಕಡಿಮೆ ಮಾಡಬೇಕೆಂದು ತಬಸ್ಸುಮ ಹೇಳಿದಳು. ಖಾಸಿಂಸಾಬರು ಒಪ್ಪಲಿಲ್ಲ. ಅದೇ ನಕ್ಷೆಯನ್ನು ಹಳೆಯ ಫೋನಿನಲ್ಲಿ ಅರ್ಧ ಗಂಟೆ ನೋಡಿದರು. ಏನೂ ಆಗಲಿಲ್ಲ. ತಪ್ಪು ತಮ್ಮ ಕಣ್ಣಿನದಲ್ಲವೆಂದು ಖಾತ್ರಿಯಾಯಿತು.

ಫೋನು ಮಾರಿದ ಯಲ್ಲೇಶನ ಅಂಗಡಿ ಅವರ ವರ್ಕ್‌ಶಾಪಿನ ಬೀದಿಯಲ್ಲೇ ಇತ್ತು. ಅಲ್ಲಿಗೆ ಹೋಗಿ ಫೋನಿನ ಬೆಳಕಿನಿಂದ ತಲೆನೋವೆಂದು ಹೇಳಿದಾಗ ಅವನು ನಕ್ಕ. ಹಳೆಯದರಲ್ಲಿ ಚಿತ್ರ ಸೆಕೆಂಡಿಗೆ ಅರವತ್ತು ಸಲ ಬದಲಾದರೆ ಇದರಲ್ಲಿ ನೂರಿಪ್ಪತ್ತು ಸಲ, ಹೊಸದೇ ಕಣ್ಣಿಗೆ ಹಿತವೆಂದು ವಾದಿಸಿದ.

"ಚಿತ್ರ ಎಷ್ಟರ ಜಲ್ದಿ ಬದಲಾಗ್ಲಿ ತಮ್ಮಾ, ನಾ ಕೇಳಾಕತ್ತಿದ್ದು ಬೆಳಕಿಂದು," ಎಂದರು ಖಾಸಿಂಸಾಬರು. "ಒಂದ ಸಲ ನನ್ನ ಮಷೀನ್ ಹಂತ್ಯಾಕ ಬಾ."

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಯಲ್ಲೇಶ ಹೋದ. ಖಾಸಿಂಸಾಬರು ಷಟರ್ ಎಳೆದು ಕತ್ತಲೆ ಮಾಡಿದರು. ಕಬ್ಬಿಣ ಹಿಡಿದು ತಿರುಗುವ ಚಕ್ಕಿನ ಮೇಲೆ ಸೀಮೆಸುಣ್ಣದಿಂದ ಒಂದೇ ಗೆರೆ ಎಳೆದು, ಮಷೀನು ಚಾಲೂ ಮಾಡಿ, ದೂರದಿಂದ ಹಳೆಯ ಫೋನಿನ ಪರದೆಯ ಬೆಳಕು ಹಿಡಿದರು. ಗೆರೆ ಕರಗಿ ಮಸುಕು ಬಳೆಯಂತಾಯಿತು. ಹೊಸ ಫೋನಿನ ಪರದೆಯ ಬೆಳಕು ತಗ್ಗಿಸಿ ಹಿಡಿದಾಗ ಒಂದು ಗೆರೆ ಹತ್ತಾಗಿ, ಹತ್ತೂ ಹೆಚ್ಚುಕಡಿಮೆ ನಿಂತಂತೆ ಕಂಡವು.

"ಬೆಳಕು ಹತ್ತೂದು ಆರೂದು ಮಾಡಾಕತ್ತೈತಿ," ಎಂದರು. "ಕಣ್ಣಿಗೆ ಕಾಣಂಗಿಲ್ಲ, ತಲಿಗೆ ತಿಳೀತೈತಿ. ಹಳೇ ಟ್ಯೂಬ್‌ಲೈಟಿನ್ಯಾಗೂ ಹಿಂಗ. ತಿರಗೂ ಚಕ್ಕು ನಿಂತೈತಿ ಅಂತ ಕೈ ಇಟ್ಟು ಬೆರಳು ಕಳಕೊಂಡವ್ರನ್ನ ನೋಡೀನಿ."

ಯಲ್ಲೇಶನ ನಗು ನಿಂತಿತು. ತಾನೇ ಫೋನು ಹಿಡಿದು ಬೆಳಕು ಪೂರ್ತಿ ಏರಿಸಿದ, ಗೆರೆಗಳು ಕಲೆಸಿಹೋದವು. ತಗ್ಗಿಸಿದ; ಮತ್ತೆ ಹತ್ತು. ಸೆಟ್ಟಿಂಗುಗಳಲ್ಲೆಲ್ಲ ಹುಡುಕಿದರೂ ಅದಕ್ಕೆ ಪರಿಹಾರ ಸಿಗಲಿಲ್ಲ.

"ಖರೆ ಐತ್ರಿ ಚಾಚಾ. ಬ್ಯಾರೆ ಕೊಡ್ತೀನ್ರಿ," ಎಂದ.

ಮರುದಿನ ಬೇರೆ ಬೇರೆ ಬಗೆಯ ಪರದೆಯ ಮೂರು ಫೋನು ತಂದ. ಒಂದೊಂದನ್ನೂ ಖಾಸಿಂಸಾಬರು ಬೆಳಕು ತಗ್ಗಿಸಿ ಚಕ್ಕಿನ ಮುಂದೆ ಹಿಡಿದು ನೋಡಿ, ಗೆರೆ ಒಡೆಯದ ಒಂದನ್ನು ಆರಿಸಿಕೊಂಡರು. ಅದರಲ್ಲಿ ಬಣ್ಣ ಅಷ್ಟು ಚೆನ್ನಾಗಿಲ್ಲವೆಂದು ತಬಸ್ಸುಮ ಅಂದರೂ ಕೇಳಲಿಲ್ಲ. ನಾಲ್ಕು ದಿನಕ್ಕೆ ನೋವು ಹೋಯಿತು. ಮುಂಡರಗಿಯವರ ನಕ್ಷೆಯನ್ನು ಮುಂಜಾನೆಯಿಡೀ ನೋಡಿ ಪಂಪಿನ ಶಾಫ್ಟು ಕಡೆದುಕೊಟ್ಟರು.

ಮುಂದಿನ ತಿಂಗಳು ಕಳಸಾಪುರದ ಶಿಕ್ಷಕಿ ಶೃತಿ, ಹೊಸ ಫೋನು ನೋಡಿದರೆ ತಲೆ ಸಿಡಿಯುತ್ತದೆಂದು ಯಲ್ಲೇಶನ ಅಂಗಡಿಗೆ ಬಂದಳು. ಅವನು ವಾದಕ್ಕಿಳಿಯಲಿಲ್ಲ. ಅವಳ ಫೋನು ಹಿಡಿದುಕೊಂಡು, ಅವಳನ್ನೂ ಕರೆದುಕೊಂಡು ಖಾಸಿಂಸಾಬರ ವರ್ಕ್‌ಶಾಪಿಗೆ ಹೊರಟ.