ಜರಡಿ ಸಾಹೇಬರ ಕೋಟು

ಜರಡಿ ಸಾಹೇಬರು ಯಾರನ್ನೇ ಕಂಡರೂ ಮೊದಲು ಪಾದಗಳನ್ನು ನೋಡುತ್ತಿದ್ದರು, ಮುಖದ ಸರದಿ ಆಮೇಲೆ. ಇಪ್ಪತ್ತಾರು ವರ್ಷ ಬಂದರಿನ ತಪಾಸಣಾ ಕೊಠಡಿಯಲ್ಲಿ ಪರದೇಶದ ಬೂಟುಗಳ ಮಣ್ಣು ಕೆರೆದು, ಜರಡಿ ಹಿಡಿದು, ಕಳೆಬೀಜವನ್ನೂ ಹುಳುವಿನ ಮೊಟ್ಟೆಯನ್ನೂ ಭೂತಗನ್ನಡಿಯಲ್ಲಿ ಅರಸಿದ ಆ ಮಹಾನುಭಾವರಿಗೆ ಮನುಷ್ಯಮಾತ್ರದವರೆಲ್ಲ ಎರಡು ಅಟ್ಟೆಗಳ ಮೇಲೆ ನಿಂತ ಸಂಶಯಗಳಾಗಿ ತೋರಿದ್ದರೆ ಆಶ್ಚರ್ಯವೇನು? ಸ್ವಂತ ಮದುವೆಯಲ್ಲೂ ಬೀಗರ ಚಪ್ಪಲಿಗಳನ್ನು ಮಗುಚಿ ನೋಡಿದರೆಂದು ಅವರ ಹೆಂಡತಿ ಈಗಲೂ ಆಡಿಕೊಳ್ಳುತ್ತಾರೆ.

ಮೊಣಕಾಲು ಮುಟ್ಟುವ ಬೂದುಬಣ್ಣದ ಉಣ್ಣೆಯ ಕೋಟು, ಅದರ ಜೇಬುಗಳಲ್ಲಿ ಚಿಮುಟ, ಕುಂಚ, ಖಾಲಿ ಬೆಂಕಿಪೊಟ್ಟಣ. ಯಾರು ಏನೆಂದರೂ ಒಂದೇ ಉತ್ತರ: “ಹಾಗಂತ ನೀವು ಹೇಳ್ತೀರಿ.” ಊಟ ಆರುತ್ತಿದೆಯೆಂದು ಹೆಂಡತಿ ಕೂಗಿದರೂ ಅದೇ ಮಾತು, ಬಹುವಚನ ಮಾತ್ರ ಕಳಚಿರುತ್ತಿತ್ತು.

ಅಮ್ಮನೊಂದಿಗೆ ಪರದೇಶದಲ್ಲಿ ನೆಲೆಸಿದ್ದ ಅವರ ಅಕ್ಕ ಹನ್ನೆರಡು ವರ್ಷದ ಮೇಲೆ ಹಡಗಿನಲ್ಲಿ ಬಂದಿಳಿದರು. ಚೀಲದಲ್ಲಿ ಒದ್ದೆಬಟ್ಟೆ ಸುತ್ತಿದ ಗುಲಾಬಿಯ ಕಡ್ಡಿ.

“ಅಮ್ಮ ನೆಟ್ಟ ಗಿಡದ್ದು ಕಣೋ. ಅಮ್ಮ ಹೋದ್ಮೇಲೆ ಅದೂ ಒಣಗ್ತಾ ಬಂತು. ಇದೊಂದೇ ಉಳಿದಿರೋದು.”

“ಪರವಾನಗಿ ಇದೆಯಾ, ಅಕ್ಕ?”

ಇರಲಿಲ್ಲ. ಎಲೆಯಡಿ ಗಿಡದ ರಸ ಹೀರುವ ಹಿಟ್ಟುತಿಗಣೆಗಳಿದ್ದವು. ಸಾಹೇಬರು ಕಡ್ಡಿಯನ್ನು ಕಚೇರಿಯ ಸುಡುವ ಒಲೆಗೆ ಹಾಕಿ, ನಮೂನೆ ತುಂಬಿ, ‘ಮೌಲ್ಯ’ ಎಂಬ ಕಲಮನ್ನು ಖಾಲಿ ಬಿಟ್ಟರು. ಆ ಖಾಲಿ ಜಾಗ ಅವರನ್ನು ಬಹಳ ನೋಯಿಸಿತು. ಅಕ್ಕ ಅವರ ಮನೆಯಲ್ಲೇ ಉಳಿದರೂ ತುಟಿ ಬಿಚ್ಚಲಿಲ್ಲ. ತಮ್ಮನಿಗೆ ನೀರು ಕೊಡಬೇಕಾದರೂ ಅವನ ಹೆಂಡತಿಯ ಮೂಲಕವೇ. ಭಾನುವಾರ ಮರಳುವ ಹಡಗು. ಇಷ್ಟು ದೂರ ಬಂದ ಅಕ್ಕ ಮಾತಾಡದೆಯೇ ಹೊರಟುಬಿಟ್ಟರೆ ಎಂಬ ಚಿಂತೆ ಸಾಹೇಬರನ್ನು ಕಾಡಿತು.

ಶನಿವಾರ ಸಂಜೆ ಅವರು ವಾಡಿಕೆಯಂತೆ ಹಿತ್ತಿಲ ಮೆಟ್ಟಿಲ ಮೇಲೆ ನಿಂತು ಕೋಟು ಕೊಡವಿದರು. ಜಗತ್ತಿನ ಬೂಟುಗಳನ್ನೆಲ್ಲ ಕೆರೆದ ಮನುಷ್ಯ ಆ ಕೆರೆತದ ಧೂಳನ್ನು ಇಪ್ಪತ್ತಾರು ವರ್ಷವೂ ಕೊಡವುತ್ತಿದ್ದುದು ಅಲ್ಲಿಯೇ! ಬಟ್ಟೆ ತೆಗೆಯಲು ಬಂದ ಅಕ್ಕ ಗೋಡೆಯ ಬುಡದಲ್ಲಿ ಸಾಲಾಗಿ ನಿಂತ ಮೂರು ಅಪರಿಚಿತ ಗಿಡಗಳನ್ನು ದಿಟ್ಟಿಸಿದರು. ಸಾಹೇಬರು ಮೊಣಕಾಲೂರಿ ಭೂತಗನ್ನಡಿ ಹಿಡಿದರು: ಪರದೇಶದ ಕಳೆಗಳೇ ಅವು.

ಅಕ್ಕ ಎಂಟು ದಿನಗಳ ಮೌನ ಮುರಿದರು: “ಪರವಾನಗಿ ಇದೆಯಾ?”

ಅಂದೇ ಗಿಡಗಳು, ಮೊಳದಾಳ ಅಗೆದ ಮಣ್ಣು, ಆ ಕೋಟು ಎಲ್ಲವೂ ಕಚೇರಿಯ ಒಲೆ ಸೇರಿದವು. ನಮೂನೆಯ ತಪ್ಪಿತಸ್ಥರ ಕಲಮಿನಲ್ಲಿ ಸಾಹೇಬರು ದುಂಡಗೆ ತಮ್ಮ ಹೆಸರನ್ನೇ ಬರೆದರು. ನೋಡುತ್ತ ನಿಂತ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಅತ್ತೂಬಿಟ್ಟರು. “ಅಮ್ಮ ಇದ್ದಿದ್ರೆ ನಿನ್ನನ್ನೂ ಒಲೆಗೆ ಹಾಕ್ತಿದ್ಲು” ಎಂದರು. ಸಾಹೇಬರು ಮೊದಲ ಬಾರಿಗೆ “ಹಾಗಂತ ನೀನು ಹೇಳ್ತೀಯ” ಎನ್ನಲಿಲ್ಲ.

ಮರುದಿನ ಕೋಟಿಲ್ಲದ ಸಾಹೇಬರು ಬಂದರಿನಲ್ಲಿ ಪಾದ ಮರೆತು ಅಕ್ಕನ ಮುಖವನ್ನೇ ನೋಡುತ್ತಿದ್ದರು. ಅಕ್ಕನೇ ಕಾಲೆತ್ತಿ ಅಟ್ಟೆ ತೋರಿಸಿ ಹಡಗು ಹತ್ತಿದರು. ಇಂಥ ಕಾವಲುಗಾರರಿಗೆ ಹೊಗಳಿಕೆ ಸಿಗುವುದು ಅಪರೂಪ, ಏಕೆಂದರೆ ಬಾರದ ರೋಗವನ್ನು, ಹುಟ್ಟದ ಕಳೆಯನ್ನು ಕಂಡವರು ಯಾರು? ಅವರು ಸುಟ್ಟದ್ದು ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಬೂದಿಯನ್ನು ಹೊತ್ತು ಅವರು ಮರುದಿನವೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹಾಜರಾಗುತ್ತಾರೆ.