ಸಾಧನಾ ಹೋಗದಿದ್ದರೆ

ಉಜಿರೆ, ಮುಂಡಾಜೆ, ಕಕ್ಕಿಂಜೆ ಎಂದು ಕಂಡಕ್ಟರ್ ಒಂದೇ ಉಸಿರಿಗೆ ಕೂಗಿ ಬಸ್ಸಿನ ತಗಡಿಗೆ ಬಡಿದ, ಬಸ್ಸು ಬೆಳ್ತಂಗಡಿ ಬಿಟ್ಟಿತು, ಕಿಟಕಿಯ ಟರ್ಪಾಲು ಸಾಲಿಹಾಳ ಕೆನ್ನೆಗೆ ತಣ್ಣಗೆ ತಾಗಿತು, ತಾಗಲಿ, ಎಳೆದು ಕಟ್ಟುವಷ್ಟು ಆಸಕ್ತಿ ಅವಳಿಗಿರಲಿಲ್ಲ — ಮುಂದಿನ ಸೀಟಿನ ಹೆಂಗಸಿನ ಜಡೆಯಲ್ಲಿ ಬಾಡಿದ ಮಲ್ಲಿಗೆ, ದೆಹಲಿಯಲ್ಲಿ ಮಲ್ಲಿಗೆ ಸಿಗುತ್ತದೋ ಇಲ್ಲವೋ, ಅದನ್ನಿನ್ನು ಸಾಧನಾ ನೋಡಿಕೊಳ್ಳಬೇಕು, ತನಗೇಕೆ. ಮೂಡಬಿದಿರೆಯ ಕಾಲೇಜಿನಲ್ಲಿ ಮೂರು ವರ್ಷ ಇಬ್ಬರಿಗೂ ಒಂದೇ ಬೆಂಚು, ಒಂದೇ ಭೌತಶಾಸ್ತ್ರದ ಪುಸ್ತಕ, ನಡುವೆ ಇಟ್ಟುಕೊಂಡು ಓದಿದ್ದು, ಬೇಗ ಓದಿ ಮುಗಿಸುತ್ತಿದ್ದವಳು ಸಾಲಿಹಾ, ಪುಟ ತಿರುಗಿಸಲು ಕಾಯುತ್ತಿದ್ದವಳೂ ಅವಳೇ. ಎಂಎಸ್ಸಿಗೆ ದೆಹಲಿಗೇ ಅರ್ಜಿ ಹಾಕುವ ಎಂದವಳು ಸಾಲಿಹಾ, ನಮ್ಮನ್ನೆಲ್ಲ ಅಲ್ಲಿ ಯಾರು ತೆಗೊಳ್ತಾರೆ ಮಾರಾಯ್ತಿ ಎಂದು ನಕ್ಕವಳು ಸಾಧನಾ, ಸೀಟು ಸಿಕ್ಕಿದ್ದು ನಕ್ಕವಳಿಗೆ. ಸಾಲಿಹಾಳಿಗೆ ವೈಟಿಂಗ್ ಲಿಸ್ಟು, ಅದರಲ್ಲಿ ಮೊದಲ ಹೆಸರು. ವೈಟಿಂಗ್ ಅಂದ್ರೆ ಪಾಸಾ ಫೇಲಾ, ಉಮ್ಮ ಮೀನು ಕೊಯ್ಯುತ್ತ ತಲೆಯೆತ್ತದೆ ಕೇಳಿದ್ದು, ಎರಡೂ ಅಲ್ಲ ಉಮ್ಮ, ಹಾಗಾದ್ರೆ ಕೇಳಿದವರಿಗೆ ನಾನು ಎಂತ ಹೇಳ್ಬೇಕು, ಬಂಗುಡೆಯ ಕಿವಿರು ಕಿತ್ತು ಪಕ್ಕಕ್ಕೆ ಹಾಕಿ ಉಮ್ಮ ಇನ್ನೊಂದು ಮೀನು ತೆಗೆದುಕೊಂಡಳು. ಮೊನ್ನೆ ಮೊಯಿದಿನಬ್ಬನ ಎಸ್‌ಟಿಡಿ ಬೂತಿನಿಂದ ದೆಹಲಿಗೆ ಫೋನು ಮಾಡಿದಾಗ ಆಫೀಸಿನವರು, ಒಬ್ಬರು ಮಾತ್ರ ಇನ್ನೂ ಬಂದು ಸೇರಿಲ್ಲ, ಅವರು ಬಿಟ್ಟರೆ ನಿಮಗೆ, ಎಂದಿದ್ದರು. ಆ ಒಬ್ಬರು ಅಳದಂಗಡಿಯಲ್ಲಿದ್ದಾರೆಂದು ದೆಹಲಿಯವರಿಗೆ ಗೊತ್ತಿರಲಿಲ್ಲ, ಸಾಲಿಹಾಳಿಗೆ ಗೊತ್ತಿತ್ತು.

ಅದಕ್ಕೇ ಇವತ್ತು ಅಳದಂಗಡಿಗೆ, ಸಾಧನಾಳ ಮನೆಗೆ ಹೋದದ್ದು, ಬೇರೆ ಕಾರಣವಿತ್ತೆಂದು ತನಗೆ ತಾನೇ ಹೇಳಿಕೊಳ್ಳುವುದರಲ್ಲಿ ಅರ್ಥವಿಲ್ಲ, ಹೋಗುವಾಗ ಬಸ್ಸಿನಲ್ಲೇ ಒಂದು ಮಾತು ಕಟ್ಟಿಕೊಂಡಿದ್ದಳು, ಮನೆಯವರ ಮನಸ್ಸು ನೋಯಿಸಿ ಹೋಗ್ಬೇಡ ಸಾಧನಾ, ಮನಸ್ಸಿನಲ್ಲೇ ಹೇಳಿ ನೋಡಿದರೆ ಕೆಟ್ಟ ಮಾತೇನೂ ಅಲ್ಲ, ಹಿರಿಯರು ಯಾರಾದರೂ ಆಡುವಂಥದ್ದೇ. ಜಗಲಿಯಲ್ಲೇ ತಡೆದ ಸಾಧನಾಳ ಅಮ್ಮ ಪ್ರಭಾವತಿಯಕ್ಕ ಅದೇ ಮಾತನ್ನು ಅವಳ ಕೈಗೇ ಕೊಟ್ಟರು, ಬೆಳ್ಮಣ್ಣಿನ ಒಳ್ಳೆ ಸಂಬಂಧ ಬಂದುಂಟು, ಇವಳು ಅಷ್ಟು ದೂರ ಹೋದ್ರೆ ಅವರು ಕಾಯುದಿಲ್ಲ, ನೀನಾದ್ರೂ ಸ್ವಲ್ಪ ಹೇಳು, ನಿನ್ನ ಮಾತಂದ್ರೆ ಕೇಳ್ತಾಳೆ — ಆಗಲಿ ಅಕ್ಕ ಹೇಳ್ತೇನೆ, ಎಂದಿದ್ದಳು ಸಾಲಿಹಾ, ಚಾ ಕುಡಿಯುತ್ತ, ಸುಳ್ಳಾಗಿರಲಿಲ್ಲ. ಕೋಣೆಯಲ್ಲಿ ಸಾಧನಾ ಮಂಚದ ತುದಿಯಲ್ಲಿ ಕೂತಿದ್ದಾಳೆ, ಸುತ್ತ ಬಟ್ಟೆ, ಅತ್ತು ಮೂಗು ಕೆಂಪಾಗಿದೆ, ನಾನು ಹೋಗ್ಬೇಕಾ ಬೇಡ್ವಾ ನೀನೇ ಹೇಳು, ನೀನು ಹೇಳಿದ ಹಾಗೆ ಮಾಡ್ತೇನೆ, ನಾನು ಬಿಟ್ರೆ ನಿನಗೆ ಸಿಗ್ತದಲ್ಲ, ಸತ್ಯ ನನಗೆ ಬೇಜಾರಿಲ್ಲ. ಕಟ್ಟಿಕೊಂಡು ಬಂದ ಮಾತು ಬಾಯೊಳಗೇ ಇತ್ತು, ಬಾಯಿ ತೆರೆದದ್ದೂ ಅದಕ್ಕೇ, ಹೊರಗೆ ಬಂದದ್ದು, ಹೋಗು. ದೊಡ್ಡ ಮನಸ್ಸಿನಿಂದ ಹೇಳಿದ್ದೋ, ಅಲ್ಲ, ಹಾಗೇನೂ ಅನಿಸಲಿಲ್ಲ, ಸಾಧನಾಳ ಕೈಯಿಂದ ಸೀಟು ತೆಗೆದುಕೊಂಡರೆ ಮುಂದೆ ಅಲ್ಲಿ ಕಲಿತದ್ದನ್ನೆಲ್ಲ ಸಾಲದ ಲೆಕ್ಕದ ಹಾಗೆ ಅವಳಿಗೆ ತೋರಿಸುತ್ತಿರಬೇಕಾಗುತ್ತದೆ ಎಂಬುದೊಂದು ಹೊಳೆದಿತ್ತು, ಅದೂ ಹೇಳಿದ ಮೇಲೆ ಹೊಳೆದದ್ದಿರಬಹುದು. ಹೋಗು ಮಾರಾಯ್ತಿ, ಸಂಬಂಧ ಇನ್ನೊಂದು ಬರ್ತದೆ, ಎಂದು ಎರಡನೇ ಸಲ ಸ್ವಲ್ಪ ಜೋರಾಗಿಯೇ ಹೇಳಿದಳು, ಬಾಗಿಲಲ್ಲಿ ನಿಂತಿದ್ದ ಸಾಧನಾಳ ಅಪ್ಪ ಶಾಂತಿಪ್ರಸಾದರು ಕೇಳಿ, ಹಾಗಾದ್ರೆ ನಾಳೆಯ ರೈಲಿಗೇ ಹೊರಡುವ, ಎಂದುಬಿಟ್ಟರು, ಪ್ರಭಾವತಿಯಕ್ಕ ಒಳಗೆ ಪಾತ್ರೆಯನ್ನು ಕುಕ್ಕಿ ಇಟ್ಟರು.

ಮುಂಡಾಜೆ ದಾಟಿತು. ಸೋಮವಾರ ಮಂಗಳಗಂಗೋತ್ರಿಗೆ, ಮಂಗಳೂರು ಯೂನಿವರ್ಸಿಟಿಗೆ ಹೋಗಿ ಎಂಎಸ್ಸಿಗೆ ಸೇರಬೇಕು, ಅಲ್ಲಿ ಸೀಟುಂಟು, ಓದುವುದು ಅದೇ ಭೌತಶಾಸ್ತ್ರ, ಬೆಳಕಿನ ವೇಗ ಅಲ್ಲಿಯೂ ಅಷ್ಟೇ, ಉಮ್ಮನಿಗೆ ಈಗ ಹೇಳಬಹುದು, ವೈಟಿಂಗ್ ಮುಗಿಯಿತು ಅಂತ, ಕೇಳಿದವರಿಗೆ ಉಮ್ಮನೂ ಹೇಳಲಿ, ಇಷ್ಟೇ ವಿಷಯ — ಆದರೆ ತೊಡೆಯ ಕೆಳಗೆ ಸೀಟಿನ ರೆಕ್ಸಿನ್ ಇಲ್ಲ, ಆಗ ಸಾಧನಾಳ ಕೋಣೆಯಲ್ಲಿ ಏರಿ ಕೂತ ಸೂಟ್‌ಕೇಸಿನ ಮುಚ್ಚಳವಿದೆ, ಉಬ್ಬಿದೆ, ಕೂತ್ಕೊ ಮಾರಾಯ್ತಿ ಇದರ ಮೇಲೆ, ನಿನ್ನ ಭಾರ ಬೇಕು, ಎಂದು ಸಾಧನಾ ನಗುತ್ತಿದ್ದಾಳೆ, ಅತ್ತ ಕಣ್ಣಿನಲ್ಲೇ, ಸಾಲಿಹಾ ಮೇಲೇರಿ ಕೂತಿದ್ದಾಳೆ, ಕಾಲು ನೆಲಕ್ಕೆ ತಾಗುತ್ತಿಲ್ಲ, ಜಿಪ್ಪು ಎರಡು ಮೂಲೆ ಸುತ್ತಿ ಬಂದು ಮೂರನೆಯದರಲ್ಲಿ ಸಿಕ್ಕಿಕೊಂಡಿದೆ — ಉಮ್ಮನಿಗೆ ಊಟದ ಹೊತ್ತಿನಲ್ಲಿ ಹೇಳಿದರಾಯಿತು — ಸಿಕ್ಕಿಕೊಂಡದ್ದು ಹೊಸ ಸ್ವೆಟರಿನ ತೋಳು, ನೀಲಿ, ಸಾಧನಾ ಬೆರಳಿನಿಂದ ಅದನ್ನು ಒಳಗೆ ದೂಡುತ್ತಾಳೆ, ಅದು ಹೊರಗೆ ಬರುತ್ತದೆ, ಇನ್ನೂ ಸ್ವಲ್ಪ ಒತ್ತು ಸಾಲಿಹಾ, ಕಕ್ಕಿಂಜೆ ಇಳಿಯುವವರು ಬನ್ನಿ, ಕಂಡಕ್ಟರ್ ಕೂಗುತ್ತಾನೆ, ಅವಳದೇ ಸ್ಟಾಪು, ಅವಳು ಎರಡೂ ಕೈ ಊರಿ ಮೈಯ ಭಾರವನ್ನೆಲ್ಲ ಬಿಟ್ಟು ಒತ್ತುತ್ತಾಳೆ, ನೀಲಿ ತೋಳು, ಒತ್ತುತ್ತಾಳೆ, ನೀಲಿ ತೋಳು.