ಪಾದ್ರಿಮನೆಗೆ ಹಚ್ಚಿದ ಬತ್ತಿ

"ಕಡ್ಡಿಪೆಟ್ಟಿಗೆ ಅರ್ಮಾಂದಕ್ಕನ ಕೈಗೆ ಕೊಡಿ," ಎಂದು ಮೇಯರ್ ಗಾಸ್ತೊನ್ ನಕ್ಕ. "ಇಪ್ಪತ್ತಾರು ವರ್ಷ ಚರ್ಚಿನ ದೀಪ ಹಚ್ಚಿದೋಳು. ನಿಮ್ಮ ಹಂಗೆ ಕೈ ನಡುಗಲ್ಲ."

ಹರಾಜು ನಡೆಸುತ್ತಿದ್ದ ನೋಟರಿ ಪೆಟ್ಟಿಗೆಯನ್ನು ಅವಳತ್ತ ಚಾಚಿದ. ಅರ್ಮಾಂದ್ ಎದ್ದಳು. ಮೂವರು ಪಾದ್ರಿಗಳಿಗೆ ಬೇಯಿಸಿ ಹಾಕಿ, ಈಗ ಒಬ್ಬಳೇ ಉಳಿದಿದ್ದ ಮನೆಯ ಹರಾಜಿಗೆ ಅವಳೇ ಬತ್ತಿ ಹಚ್ಚಬೇಕು! ಪಾದ್ರಿಮನೆ ಊರಿನ ಸ್ವತ್ತು. ಅದರ ಕಲ್ಲುಗಳನ್ನು ಎಳೆದು ತಂದವರು ಇಲ್ಲಿ ಕೂತವರ ಮುತ್ತಜ್ಜಂದಿರು. ಅವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಅದನ್ನು ಮಾರಲು ಹೊರಟ ಮೇಯರನ ಸಹಿ ಮಾತ್ರ ಕಾಗದದ ಮೇಲೆ ದಪ್ಪಗಿತ್ತು.

ಪ್ರತಿ ಸವಾಲಿಗೂ ಅರ್ಧ ನಿಮಿಷ ಉರಿಯುವ ಒಂದು ಹೊಸ ಪುಟ್ಟ ಬತ್ತಿ. ಅದು ಉರಿದು ಆರುವುದರೊಳಗೆ ಯಾರೂ ಮೇಲೆ ಕೂಗದಿದ್ದರೆ ಮನೆ ಕೊನೆಗೆ ಕೂಗಿದವರದು.

ಲಿಯಾನ್ ನಗರದ ಹಳೆಸಾಮಾನಿನ ವ್ಯಾಪಾರಿ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಅವನಿಗೆ ಬೇಕಾದದ್ದು ಒಲೆಯ ಕೆತ್ತನೆಕಲ್ಲು, ಓಕ್ ಮರದ ಮೆಟ್ಟಿಲು; ಉಳಿದದ್ದನ್ನು ಕೆಡವುತ್ತಾನೆ. ಊರವರು ಕೂಡಿಸಿಕೊಟ್ಟ ಹಣ ಹಿಡಿದು ಅವರ ಪರವಾಗಿ ಕೂಗುತ್ತಿದ್ದವನು ಕಮ್ಮಾರ ಲ್ಯೂಸಿಯೆನ್. ಆರು ಬತ್ತಿ ಬದಲಾದವು. ಏಳನೆಯ ಸವಾಲು ಕೂಗಿ ಅವನು ಕುಸಿದು ಕೂತ.

"ಇಷ್ಟೇ ಕಣಕ್ಕ. ಇನ್ನು ಊರ ಹತ್ರ ಏನೂ ಇಲ್ಲ."

ಅರ್ಮಾಂದ್ ಏಳನೆಯ ಬತ್ತಿ ಹಚ್ಚಿದಳು. ವ್ಯಾಪಾರಿಗೆ ಅವಸರವಿರಲಿಲ್ಲ. ಉರಿ ಕುಗ್ಗತೊಡಗಿದಾಗ ಕಾಲಿಳಿಸಿ, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ.

ಅರ್ಮಾಂದ್ ಎರಡು ಬೆರಳನ್ನು ಎಂಜಲಲ್ಲಿ ಒದ್ದೆ ಮಾಡಿ ಬತ್ತಿಯನ್ನು ಚಿವುಟಿದಳು. ಪೂಜೆ ಮುಗಿದ ಮೇಲೆ ದಿನವೂ ಮಾಡುತ್ತಿದ್ದ ಹಾಗೆ.

"ಏನಮ್ಮ ಇದು!" ನೋಟರಿ ಜಿಗಿದೆದ್ದ.

"ಅಭ್ಯಾಸ ಸ್ವಾಮಿ. ಹೊಗೆ ಏಳೋಕೆ ಮುಂಚೆ ಚಿವುಟೋ ಕೈ ಇದು."

"ಬತ್ತಿ ಹೋಯ್ತಲ್ಲ! ಮನೆ ನಮ್ಮದು!" ಹಿಂದಿನ ಬೆಂಚು ಕೂಗಿತು.

"ಈ ಬತ್ತಿ ಲೆಕ್ಕಕ್ಕಿಲ್ಲ," ಎಂದ ನೋಟರಿ. "ಉರಿಯೋ ಬತ್ತಿ ಇಲ್ದೆ ಕೂಗಿದ್ದೂ ನಡೆಯಲ್ಲ. ಇನ್ನೊಂದು ಹಚ್ಚಬೇಕು. ಹನ್ನೆರಡಕ್ಕೆ ಇನ್ನು ನಾಲ್ಕೇ ನಿಮಿಷ, ಅಷ್ಟರಲ್ಲಿ ಮುಗೀದಿದ್ರೆ ಹರಾಜೇ ರದ್ದು. ಕಡ್ಡಿಪೆಟ್ಟಿಗೆ ಕೊಡಮ್ಮ!"

ಪೆಟ್ಟಿಗೆ ಅವಳ ಏಪ್ರನ್ನಿನ ಜೇಬು ಸೇರಿತ್ತು. "ಕೊಡಲ್ಲ. ನಾನಿರೋ ಮನೆಗೆ ನಾನೇ ಬೆಂಕಿ ಇಡ್ಲಾ?"

"ಯಾರ ಹತ್ರ ಇದೆ ಬೆಂಕಿ?" ವ್ಯಾಪಾರಿ ಕಿರುಚಿದ.

ಬಾಯಲ್ಲಿ ಹೊಗೆಸೊಪ್ಪಿನ ಪೈಪು ಕಚ್ಚಿದ್ದ ಹದಿನೈದು ಗಂಡಸರು ಸೂರು ನೋಡತೊಡಗಿದರು.

"ಮೇಯರ್ ಸಾಹೇಬ್ರೆ, ನಿಮ್ಮ ಲೈಟರ್!"

ಗಾಸ್ತೊನನ ಕೈ ಕೋಟಿನ ಜೇಬಿಗೆ ಹೋಯಿತು.

"ನಾಳೆಯೂ ಇದೇ ಊರಲ್ಲಿ ಬದುಕ್ಬೇಕು ಕಣೋ ಗಾಸ್ತೊನ್," ಎಂದ ಲ್ಯೂಸಿಯೆನ್, ಮೆಲ್ಲಗೆ.

ಜೇಬಿನ ಬಟ್ಟೆಯಡಿ ಮೇಯರನ ಮುಷ್ಟಿ ಉಬ್ಬಿ ಕಾಣುತ್ತಿತ್ತು. ಅದು ಹೊರಗೆ ಬರಲಿಲ್ಲ. ಅವನ ಹಣೆಯಿಂದ ಇಳಿದ ಬೆವರ ಹನಿಯೊಂದು ಮೂಗಿನ ತುದಿಯಲ್ಲಿ ನಿಂತಿತು. ಅದನ್ನು ಒರೆಸಿಕೊಳ್ಳಲೂ ಅವನು ಕೈ ತೆಗೆಯಲಿಲ್ಲ.